ಮಂಚದ ಕೆಳಗಿನ ಗಿಟಾರು

ಮೈಸೂರು
ಭಾನುವಾರ ಬೆಳಿಗ್ಗೆ

ಪುಟ್ಟ,

ಇಲ್ಲಿ ನಾನೂ ನಿನ್ನ ದೊಡ್ಡಮ್ಮನೂ ಕ್ಷೇಮ. ನೀನೂ ಕ್ಷೇಮ ಅಂತಲೇ ಮೊನ್ನೆ ಫೋನಿನಲ್ಲಿ ಹೇಳಿದೆ, ಆದರೆ ನಿನ್ನ ದನಿ ಹಾಗೆ ಹೇಳಲಿಲ್ಲ. ಓದು ಮುಗಿಸಬೇಕು ಅಂತ ಹೋದ ವರ್ಷ ನೀನು ಬಿಟ್ಟ ತಂಡ ಈಗ ದೊಡ್ಡ ವೇದಿಕೆ ಹತ್ತಿದೆ. ನಿನ್ನ ಜಾಗದಲ್ಲಿ ಬೇರೆ ಹುಡುಗ ನಿಂತು ಬಾಸ್ ನುಡಿಸುತ್ತಿದ್ದಾನೆ. ಆ ವಿಡಿಯೋ ನೋಡಿದ ರಾತ್ರಿಯೇ ನಿನ್ನ ಗಿಟಾರನ್ನು ಪೆಟ್ಟಿಗೆಗೆ ಹಾಕಿ ಮಂಚದ ಕೆಳಗೆ ತಳ್ಳಿದೆ ಅಂದೆಯಲ್ಲ, ಆ ಮಾತು ಕೇಳಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಆ ಗಿಟಾರನ್ನು ನೀನು ಹತ್ತನೇ ತರಗತಿ ಪಾಸಾದಾಗ ನಾವಿಬ್ಬರೂ ಹೋಗಿ ಕೊಂಡುತಂದಿದ್ದು. ಬಸ್ಸಿನಲ್ಲಿ ಮಗುವನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದೆ ನೀನು.

ಫೋನಿನಲ್ಲಿ ಸಮಾಧಾನದ ಮಾತು ನನಗೆ ಬಾಯಿಗೆ ಬರುವುದಿಲ್ಲ, ಅದಕ್ಕೇ ಕಾಗದ. ಬೇರೇನೂ ಹೇಳುವುದಿಲ್ಲ, ಒಂದು ತಂಡದ ಕಥೆ ಹೇಳುತ್ತೇನೆ. ನಿಮ್ಮ ಕಾಲದವರಿರಲಿ, ನನ್ನ ಕಾಲದವರಲ್ಲೂ ಹೆಚ್ಚು ಜನ ಇದರ ಹೆಸರು ಕೇಳಿರಲಿಲ್ಲ. ಹೆಸರು ‘ಪ್ರೆಟಿ ಥಿಂಗ್ಸ್’.

ಲಂಡನ್ನಿಗೆ ಆಗ್ನೇಯದಲ್ಲಿ, ಥೇಮ್ಸ್ ನದಿಯ ದಕ್ಷಿಣಕ್ಕೆ ಡಾರ್ಟ್‌ಫರ್ಡ್ ಅಂತ ಒಂದು ಊರು. ಕೆಂಟ್ ಜಿಲ್ಲೆಗೆ ಸೇರಿದ್ದು. ಅಲ್ಲಿನ ಗ್ರಾಮರ್ ಸ್ಕೂಲಿನಲ್ಲಿ ಡಿಕ್ ಟೇಲರ್ ಅನ್ನುವ ಹುಡುಗ ಓದುತ್ತಿದ್ದ, ಹುಟ್ಟಿದ್ದು 1943ರಲ್ಲಿ. ಅದೇ ಸ್ಕೂಲಿನಲ್ಲಿ ಅವನಿಗೆ ಒಬ್ಬ ಗೆಳೆಯನಿದ್ದ, ಮಿಕ್ ಜಾಗರ್. ಹೌದು, ರೋಲಿಂಗ್ ಸ್ಟೋನ್ಸ್‌ನ ಜಾಗರೇ. ಇಬ್ಬರಿಗೂ ಒಂದೇ ಹುಚ್ಚು: ಅಮೆರಿಕದ ಕಪ್ಪು ಜನರ ಸಂಗೀತ, ಬ್ಲೂಸ್ ಮತ್ತು ರಿದಮ್ ಅಂಡ್ ಬ್ಲೂಸ್. ಇಂಗ್ಲೆಂಡಿನ ಅಂಗಡಿಗಳಲ್ಲಿ ಅಂಥ ರೆಕಾರ್ಡುಗಳು ಸಿಗುವುದೇ ಕಷ್ಟವಾಗಿದ್ದ ದಿನಗಳು. ಜಾಗರ್ ಸೀದಾ ಚಿಕಾಗೋದ ಚೆಸ್ ರೆಕಾರ್ಡ್ಸ್‌ಗೆ ಕಾಗದ ಬರೆದು ತರಿಸಿಕೊಳ್ಳುತ್ತಿದ್ದ. ಪಾರ್ಸೆಲ್ ಬಂದ ದಿನ ಆ ಹುಡುಗರಿಗೆ ಎಂಥ ಹಬ್ಬ ಆಗಿರಬೇಕು, ನೀನೇ ಯೋಚಿಸು. ನಿನಗೆ ಇವತ್ತು ಬೆರಳು ಆಡಿಸಿದರೆ ಸಾಕು, ಇಡೀ ಚಿಕಾಗೋ ಕಿವಿಗೆ ಬರುತ್ತದೆ. ಅವರು ಒಂದು ತಟ್ಟೆಗೋಸ್ಕರ ವಾರಗಟ್ಟಲೆ ಕಾಯುತ್ತಿದ್ದರು. ಬಂದ ಮೇಲೆ ತಟ್ಟೆ ಸವೆಯುವ ತನಕ ಕೇಳುತ್ತಿದ್ದರು.

ಟೇಲರ್‌ನ ಮನೆ ಬೆಕ್ಸ್‌ಲಿಹೀತ್‌ನಲ್ಲಿತ್ತು. ಹುಡುಗರು ಸೇರಿ ಅಭ್ಯಾಸ ಮಾಡುತ್ತಿದ್ದದ್ದು ಅಲ್ಲೇ. ತಂಡಕ್ಕೆ ‘ಲಿಟಲ್ ಬಾಯ್ ಬ್ಲೂ ಅಂಡ್ ದ ಬ್ಲೂ ಬಾಯ್ಸ್’ ಅಂತ ಹೆಸರು. ಮುಂದೆ ಟೇಲರ್ ಸಿಡ್‌ಕಪ್‌ನ ಕಲಾಶಾಲೆಗೆ ಸೇರಿದ. ಅಲ್ಲಿ ಸಿಕ್ಕವನು ಕೀತ್ ರಿಚರ್ಡ್ಸ್, ಅವನೂ ಆಮೇಲೆ ಸ್ಟೋನ್ಸ್‌ನವನೇ. 1961ರ ಅಕ್ಟೋಬರ್‌ನಲ್ಲಿ ಡಾರ್ಟ್‌ಫರ್ಡ್ ಸ್ಟೇಷನ್ನಿನಲ್ಲಿ ಜಾಗರ್ ಕಂಕುಳಲ್ಲಿ ಚಕ್ ಬೆರಿ, ಮಡ್ಡಿ ವಾಟರ್ಸ್ ರೆಕಾರ್ಡು ಇಟ್ಟುಕೊಂಡು ನಿಂತಿದ್ದನ್ನು ರಿಚರ್ಡ್ಸ್ ಕಂಡು ಮಾತಾಡಿಸಿದ ಕಥೆ ನಿನಗೆ ಗೊತ್ತೇ ಇದೆ, ನೀನೇ ಒಮ್ಮೆ ನನಗೆ ಹೇಳಿದ್ದೆ. ಆದರೆ ಅವರಿಬ್ಬರಿಗೂ ಗೆಳೆಯನಾಗಿದ್ದ ಮೂರನೆಯ ಹುಡುಗ ಒಬ್ಬನಿದ್ದ ಅನ್ನುವುದನ್ನು ಆ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

1962ರಲ್ಲಿ ಬ್ರಯಾನ್ ಜೋನ್ಸ್ ತಂಡ ಕಟ್ಟಿದಾಗ ಈ ಮೂವರೂ ಸೇರಿಕೊಂಡರು. ಜುಲೈ 12ರಂದು ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಮೊದಲ ಕಾರ್ಯಕ್ರಮ. ಬಾಸ್ ಹಿಡಿದು ನಿಂತವನು ಡಿಕ್ ಟೇಲರ್. ಗಿಟಾರ್ ನುಡಿಸುವವರು ಆಗಲೇ ಇಬ್ಬರಿದ್ದರು, ಹಾಗಾಗಿ ಗಿಟಾರ್ ಕಲಿತ ಇವನ ಕೈಗೆ ಬಾಸ್ ಬಂತು. ಕೆಲವೇ ತಿಂಗಳು. ವರ್ಷ ಮುಗಿಯುವ ಮುಂಚೆ ಟೇಲರ್ ತಂಡ ಬಿಟ್ಟ. ಅವನಿಗೆ ಚಿತ್ರಕಲೆ ಓದಬೇಕಿತ್ತು. ಡಿಸೆಂಬರಿನಲ್ಲಿ ಅವನ ಜಾಗಕ್ಕೆ ಬಿಲ್ ವೈಮನ್ ಬಂದ.

ಪುಟ್ಟ, ಇಲ್ಲಿ ಸ್ವಲ್ಪ ನಿಲ್ಲು. ಓದಿಗೋಸ್ಕರ ಬಾಸ್ ಬಿಟ್ಟುಬಂದ ಹುಡುಗ. ಅವನು ಬಿಟ್ಟ ತಂಡ ಯಾವುದು? ರೋಲಿಂಗ್ ಸ್ಟೋನ್ಸ್, ಎರಡೇ ವರ್ಷದಲ್ಲಿ ಜಗತ್ತನ್ನೆಲ್ಲ ಕುಣಿಸಿದ ತಂಡ. ನಿನ್ನ ಸಂಕಟ ಚಿಕ್ಕದು ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಇಂಥ ಸಂಕಟಕ್ಕೆ ಅಳತೆ ಇರುವುದಿಲ್ಲ. ಆದರೆ ಇದೇ ಜಾಗದಲ್ಲಿ ನಿಂತಿದ್ದ ಇನ್ನೊಬ್ಬ ಹುಡುಗ ಆಮೇಲೆ ಏನು ಮಾಡಿದ ಅನ್ನುವುದು ನಿನಗೆ ಗೊತ್ತಿರಲಿ.

ಅವನು ಗಿಟಾರನ್ನು ಮಂಚದ ಕೆಳಗೆ ಇಡಲಿಲ್ಲ. 1963ರ ಸೆಪ್ಟೆಂಬರಿನಲ್ಲಿ ಅದೇ ಸಿಡ್‌ಕಪ್ ಕಲಾಶಾಲೆಯ ಇನ್ನೊಬ್ಬ ವಿದ್ಯಾರ್ಥಿ ಫಿಲ್ ಮೇ ಜೊತೆ ಸೇರಿ ಹೊಸ ತಂಡ ಕಟ್ಟಿದ. ಈ ಸಲ ಬಾಸ್ ಅಲ್ಲ, ತನಗೆ ಪ್ರೀತಿಯ ಗಿಟಾರೇ. ಹಾಡಲು ಫಿಲ್ ಮೇ. ಬಾಸ್‌ಗೆ ಜಾನ್ ಸ್ಟ್ಯಾಕ್ಸ್, ಇನ್ನೊಂದು ಗಿಟಾರ್‌ಗೆ ಬ್ರಯಾನ್ ಪೆಂಡಲ್ಟನ್, ಸ್ವಲ್ಪ ದಿನದ ಮೇಲೆ ಡ್ರಮ್ಸ್‌ಗೆ ವಿವ್ ಪ್ರಿನ್ಸ್. ಹೆಸರು ತೆಗೆದುಕೊಂಡಿದ್ದು ಬೋ ಡಿಡ್ಲಿಯ ಒಂದು ಹಾಡಿನಿಂದ, 1955ರ ‘ಪ್ರೆಟಿ ಥಿಂಗ್’. ಫಿಲ್ ಮೇ ಕೂಡ ಡಾರ್ಟ್‌ಫರ್ಡಿನವನೇ, ಟೇಲರ್‌ಗಿಂತ ಹೆಚ್ಚುಕಡಿಮೆ ಎರಡು ವರ್ಷ ಚಿಕ್ಕವನು. ಚಿಕ್ಕಂದಿನಲ್ಲಿ ಅತ್ತೆ ಮಾವನ ಮನೆಯಲ್ಲಿ ಬೆಳೆದು ಆಮೇಲೆ ತಾಯಿಯ ಮನೆಗೆ ಹೋದವನು. ಈ ವಿಷಯವನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಬೋ ಡಿಡ್ಲಿ ಅಂದೆನಲ್ಲ, ಆ ಮಹಾನುಭಾವನ ಲಯವನ್ನು ನಿನಗೆ ತೋರಿಸದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಚಿಕ್ಕವನಿದ್ದಾಗ ಎರಡು ವರ್ಷ ಮೃದಂಗಕ್ಕೆ ಹೋಗಿದ್ದೆಯಲ್ಲ, ಆ ಸೊಲ್ಲುಗಳು ಮರೆತಿರಲಾರವು. ಈಗ ಆದಿತಾಳ ಹಾಕು. ಎಂಟು ಪೆಟ್ಟು, ಪೆಟ್ಟಿಗೆ ಎರಡೆರಡು ಅಕ್ಷರ, ಒಟ್ಟು ಹದಿನಾರು. ಬಾಯಲ್ಲಿ ಹೇಳು: ತಕಿಟ ತಕಿಟ ತಕಧಿಮಿ ತಕ ತಕಧಿಮಿ. ಮೂರು, ಮೂರು, ನಾಲ್ಕು, ಎರಡು, ನಾಲ್ಕು. ಹದಿನಾರಾಯಿತು. ಈಗ ಪ್ರತಿ ಸೊಲ್ಲಿನ ಮೊದಲನೇ ಅಕ್ಷರಕ್ಕೆ ಮಾತ್ರ ಮೇಜಿನ ಮೇಲೆ ಬಡಿ, ಉಳಿದ ಅಕ್ಷರಗಳನ್ನು ಮನಸ್ಸಿನಲ್ಲೇ ಹೇಳು. ಒಟ್ಟು ಐದು ಪೆಟ್ಟು. ಮೊದಲ ಮೂರು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ, ಆಮೇಲೆ ಒಂದು ಸಣ್ಣ ತಡೆ, ಕೊನೆಗೆ ಎರಡು ಪೆಟ್ಟು ಬಾಗಿಲು ತಟ್ಟಿದ ಹಾಗೆ. ಹತ್ತು ಸಲ ಮಾಡಿದರೆ ನಿನ್ನ ಕಾಲು ತಾನಾಗಿಯೇ ಅಲ್ಲಾಡುತ್ತದೆ. ಆಫ್ರಿಕದಿಂದ ಗುಲಾಮರಾಗಿ ಬಂದವರ ಮೊಮ್ಮಕ್ಕಳು ಮರಿಮಕ್ಕಳು ಅಮೆರಿಕದ ದಕ್ಷಿಣದ ಊರುಗಳಲ್ಲಿ ವಾದ್ಯವಿಲ್ಲದೆ ತೊಡೆ ಬಡಿದು, ಎದೆ ಬಡಿದು ಉಳಿಸಿಕೊಂಡ ನಡೆ ಅದು. ಅದನ್ನು ‘ಹ್ಯಾಂಬೋನ್’ ಅನ್ನುತ್ತಿದ್ದರು. ಮಿಸಿಸಿಪಿಯಲ್ಲಿ ಹುಟ್ಟಿ ಚಿಕಾಗೋದಲ್ಲಿ ಬೆಳೆದ ಬೋ ಡಿಡ್ಲಿ ಅದನ್ನು ಗಿಟಾರಿಗೆ ತಂದ. ಕೆಂಟ್‌ನ ಈ ಹುಡುಗರು ಅದನ್ನು ಹೃದಯದಲ್ಲಿ ಇಟ್ಟುಕೊಂಡರು.

ಅವರ ಮೊದಲ ರೆಕಾರ್ಡು ‘ರಾಸಲಿನ್’ ಬಂದಿದ್ದು 1964ರಲ್ಲಿ. ಪೂರ್ತಿ ಎರಡೂವರೆ ನಿಮಿಷವೂ ಇಲ್ಲ. ಅದೇ ಲಯ, ಆದರೆ ಎರಡರಷ್ಟು ಆತುರ, ಬೆಂಕಿ ಬಿದ್ದ ಮನೆಯಿಂದ ಓಡಿಬಂದವರ ಹಾಗೆ. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 41ನೇ ಸ್ಥಾನಕ್ಕೆ ಹೋಗಿ ನಿಂತಿತು. ಅದೇ ವರ್ಷದ ಕೊನೆಯಲ್ಲಿ ‘ಡೋಂಟ್ ಬ್ರಿಂಗ್ ಮಿ ಡೌನ್’ 10ನೇ ಸ್ಥಾನಕ್ಕೆ ಏರಿತು, 1965ರಲ್ಲಿ ‘ಹನಿ ಐ ನೀಡ್’ 13ಕ್ಕೆ. ಬಿಡಿ ಹಾಡುಗಳಲ್ಲಿ ಅವರ ಪಾಲಿಗೆ ಎತ್ತರ ಅಂದರೆ ಅಷ್ಟೇ. 1965ರ ಮಾರ್ಚಿನಲ್ಲಿ ಬಂದ ಮೊದಲ ಎಲ್‌ಪಿ 6ನೇ ಸ್ಥಾನ ಮುಟ್ಟಿತು. ಆ ಎಲ್‌ಪಿಯನ್ನು ಒಂದು ರಾತ್ರಿ ದೀಪ ಆರಿಸಿ ಕೇಳು. ಶುರುವಾಗುವುದೇ ಬೋ ಡಿಡ್ಲಿಯ ‘ರೋಡ್‌ರನ್ನರ್’ನಿಂದ. ನಯವಿಲ್ಲ, ಪಾಲಿಶ್ ಇಲ್ಲ. ಮೌತ್ ಆರ್ಗನ್ ಕಿರುಚುತ್ತದೆ, ಡ್ರಮ್ಸ್ ಹೊರಟುಹೋದ ಬಸ್ಸಿನ ಹಿಂದೆ ಓಡಿದ ಹಾಗೆ ಓಡುತ್ತದೆ, ಫಿಲ್ ಮೇ ಹಾಡುತ್ತಾನೋ ಕೂಗುತ್ತಾನೋ ತಿಳಿಯುವುದಿಲ್ಲ. ಅದೇ ಕಾಲದ ಸ್ಟೋನ್ಸ್ ರೆಕಾರ್ಡುಗಳ ಪಕ್ಕ ಇಟ್ಟು ನೋಡಿದ್ದೇನೆ. ಒರಟುತನದಲ್ಲಿ, ನಿಜದಲ್ಲಿ, ಇವರದ್ದೇ ಒಂದು ಕೈ ಮೇಲು. ಇದು ನನ್ನ ತೀರ್ಮಾನ, ಐವತ್ತು ವರ್ಷ ಕೇಳಿ ಹೇಳುತ್ತಿರುವುದು.

ಹಾಗಾದರೆ ಯಾಕೆ ಹೆಸರು ಉಳಿಯಲಿಲ್ಲ ಅಂತ ನೀನು ಕೇಳುತ್ತೀಯ. ನಾನೂ ಇದನ್ನು ಬಹಳ ಯೋಚಿಸಿದ್ದೇನೆ. ಒಂದು ಕಾರಣ ಸ್ಪಷ್ಟ: ಅಮೆರಿಕ. 1964, 65ರಲ್ಲಿ ಬೀಟಲ್ಸ್, ಸ್ಟೋನ್ಸ್, ಆನಿಮಲ್ಸ್, ಕಿಂಕ್ಸ್ ಎಲ್ಲರೂ ಸಮುದ್ರ ದಾಟಿ ಅಲ್ಲಿನ ಟಿವಿಯಲ್ಲಿ ಕಾಣಿಸಿಕೊಂಡರು. ಅಲ್ಲಿ ಕಾಣಿಸಿಕೊಂಡವರನ್ನು ಜಗತ್ತು ಲೆಕ್ಕಕ್ಕೆ ತೆಗೆದುಕೊಂಡಿತು. ಪ್ರೆಟಿ ಥಿಂಗ್ಸ್ ಅರವತ್ತರ ದಶಕದಲ್ಲಿ ಒಂದು ಸಲವೂ ಅಮೆರಿಕಕ್ಕೆ ಹೋಗಿ ನುಡಿಸಲಿಲ್ಲ. 1965ರ ಆಗಸ್ಟಿನಲ್ಲಿ ಅವರು ಹೋದದ್ದು ಭೂಮಿಯ ಇನ್ನೊಂದು ಕೊನೆಗೆ, ನ್ಯೂಜಿಲೆಂಡಿಗೆ. ಅಲ್ಲಿ ಡ್ರಮ್ಸಿನ ವಿವ್ ಪ್ರಿನ್ಸ್‌ನ ಕುಡಿತ, ಗಲಾಟೆಯಿಂದ ಪತ್ರಿಕೆಗಳೆಲ್ಲ ಹರಿಹಾಯ್ದವು, ವಾಪಸು ಹೊರಡುವಾಗ ಅವನನ್ನು ವಿಮಾನದಿಂದಲೇ ಇಳಿಸಿದರು. ಆ ವರ್ಷ ಮುಗಿಯುವುದರೊಳಗೆ ಅವನು ತಂಡದಲ್ಲೂ ಇರಲಿಲ್ಲ. ಪ್ರತಿಭೆ ಅಪಾರ, ಹತೋಟಿ ಇಲ್ಲ. ಜನಕ್ಕೆ ಅವರ ತಲೆಗೂದಲೂ ಕಣ್ಣುರಿ. ಇಡೀ ಬ್ರಿಟನ್ನಿನಲ್ಲೇ ತನ್ನಷ್ಟು ಉದ್ದ ಕೂದಲು ಯಾವ ಗಂಡಸಿಗೂ ಇಲ್ಲ ಅಂತ ಫಿಲ್ ಮೇ ಹೇಳಿಕೊಳ್ಳುತ್ತಿದ್ದ. ಆ ಕೂದಲಿನಿಂದಾಗಿ ಬೀದಿಯಲ್ಲಿ ಬೈಗುಳ ತಿನ್ನುವುದು ಅವರಿಗೆ ಮಾಮೂಲಾಗಿತ್ತು.

ನನಗೆ ಅವರು ಸಿಕ್ಕಿದ್ದು ಹೇಗೆ ಅಂತ ನಿನಗೆ ಯಾವತ್ತೂ ಹೇಳಿಲ್ಲ. 1970ರ ದಶಕದಲ್ಲಿ ನಾನು ಬೆಂಗಳೂರಿನಲ್ಲಿ ರೂಮು ಮಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದಾಗ, ಪಕ್ಕದ ರೂಮಿನ ಗೆಳೆಯನಿಗೆ ಅವನ ಅಣ್ಣ ಲಂಡನ್ನಿನಿಂದ ಒಂದು ಎಲ್‌ಪಿ ತಂದುಕೊಟ್ಟಿದ್ದ. ಡೇವಿಡ್ ಬೋವಿಯ ‘ಪಿನ್ ಅಪ್ಸ್’, 1973ರದ್ದು. ಬೋವಿ ತನ್ನ ಹರೆಯದಲ್ಲಿ ಲಂಡನ್ನಿನಲ್ಲಿ ಕೇಳಿ ಮೆಚ್ಚಿದ ತಂಡಗಳ ಹಾಡುಗಳನ್ನೇ ಮತ್ತೆ ಹಾಡಿ ಮಾಡಿದ ತಟ್ಟೆ. ಆಗ ಅವನ ಹೆಸರು ಎಲ್ಲಾ ಕಡೆ ಮೊಳಗುತ್ತಿತ್ತು. ಕವರಿನ ಹಿಂಬದಿಯಲ್ಲಿ ಅವನದೇ ಕೈಬರಹದಲ್ಲಿ ಒಂದು ಚಿಕ್ಕ ಟಿಪ್ಪಣಿ ಇತ್ತು, ಅದರಲ್ಲಿ ಆ ತಂಡಗಳ ಹೆಸರುಗಳು. ‘ದ ಹೂ’, ಕಿಂಕ್ಸ್, ಯಾರ್ಡ್‌ಬರ್ಡ್ಸ್ ಎಲ್ಲಾ ಇದ್ದವು. ಆದರೆ ಮೊಟ್ಟಮೊದಲು ಬರೆದ ಹೆಸರು ಪ್ರೆಟಿ ಥಿಂಗ್ಸ್. ತಟ್ಟೆಯ ಮೊದಲ ಹಾಡು ಕೂಡ ಅವರದೇ ‘ರಾಸಲಿನ್’, ‘ಡೋಂಟ್ ಬ್ರಿಂಗ್ ಮಿ ಡೌನ್’ ಬೇರೆ ಇತ್ತು. ಕವರು ಕೈಯಲ್ಲಿ ಹಿಡಿದು ನಾನು ಆ ಅಕ್ಷರಗಳನ್ನು ಮತ್ತೆ ಮತ್ತೆ ಓದಿದೆ. ಇಷ್ಟು ದೊಡ್ಡವನು ಮೊದಲು ನೆನೆಸಿಕೊಂಡವರು ಯಾರು? ನಾನು ಯಾಕೆ ಕೇಳಿಲ್ಲ? ಅಂದು ಶುರುವಾದ ಹುಡುಕಾಟ ನನ್ನ ಮದುವೆಯಾದ ಮೇಲೂ ನಡೆಯಿತು. ನಿನ್ನ ದೊಡ್ಡಮ್ಮನ ತಮ್ಮ ಇಂಗ್ಲೆಂಡಿಗೆ ಹೋದಾಗ ಅವನ ಕೈಗೆ ಕೊಟ್ಟ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು, ಈ ತಂಡದ ಹೆಸರು. ಅವನು ತಂದ ತಟ್ಟೆಯೇ ನಮ್ಮ ಮನೆಯ ಅಲಮಾರಿಯಲ್ಲಿ ಎಡಗಡೆಯಿಂದ ಮೂರನೆಯದು. ನೀನು ಚಿಕ್ಕವನಿದ್ದಾಗ ಅದರ ಮೇಲಿನ ಚಿತ್ರ ನೋಡಿ ಹೆದರುತ್ತಿದ್ದೆ.

ಅದು ‘ಎಸ್. ಎಫ್. ಸಾರೋ’. ಇನ್ನು ಅದರ ವಿಷಯ.

1967ರ ಹೊತ್ತಿಗೆ ತಂಡ ಬದಲಾಗಿತ್ತು. ಸ್ಟ್ಯಾಕ್ಸ್, ಪೆಂಡಲ್ಟನ್ ಹೋಗಿದ್ದರು, ವಾಲಿ ವಾಲರ್, ಜಾನ್ ಪೋವಿ ಬಂದಿದ್ದರು. ಹಳೆಯ ಕಂಪನಿಯ ಒಪ್ಪಂದ ಮುಗಿದು ಇಎಂಐಗೆ ಸೇರಿದರು. ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಅವರಿಗೆ ಸಿಕ್ಕ ನಿರ್ಮಾಪಕ ನಾರ್ಮನ್ ಸ್ಮಿತ್. 1965ರ ‘ರಬರ್ ಸೋಲ್’ ತನಕ ಬೀಟಲ್ಸ್‌ನ ಧ್ವನಿಮುದ್ರಣ ಮಾಡಿದ ಎಂಜಿನಿಯರು ಆತ, ಆಮೇಲೆ ಪಿಂಕ್ ಫ್ಲಾಯ್ಡ್‌ಗೆ ನಿರ್ಮಾಪಕ. 1968ರಲ್ಲಿ ಆ ಒಂದೇ ಕಟ್ಟಡದೊಳಗೆ ಬೀಟಲ್ಸ್ ತಮ್ಮ ಬಿಳಿ ಕವರಿನ ಜೋಡಿ ತಟ್ಟೆ ಮಾಡುತ್ತಿದ್ದರು, ಪಿಂಕ್ ಫ್ಲಾಯ್ಡ್ ತಮ್ಮ ಎರಡನೆಯದನ್ನು ಮಾಡುತ್ತಿದ್ದರು, ಇವರು ಇದನ್ನು. ಸುಮಾರು ಹತ್ತು ತಿಂಗಳ ಕೆಲಸ. ಕೈಯಲ್ಲಿ ದುಡ್ಡು ಕಡಿಮೆ. ಮಧ್ಯದಲ್ಲಿ ಡ್ರಮ್ಸಿನ ಸ್ಕಿಪ್ ಆಲನ್ ಬಿಟ್ಟುಹೋದ, ‘ಟ್ವಿಂಕ್’ ಅನ್ನುವವನು ಬಂದು ಉಳಿದದ್ದನ್ನು ಮುಗಿಸಿದ.

ಕಥೆ ಬರೆದವನು ಫಿಲ್ ಮೇ. ಹದಿಮೂರು ಹಾಡಿನಲ್ಲಿ ಒಬ್ಬ ಮನುಷ್ಯನ ಹುಟ್ಟಿನಿಂದ ಮುಪ್ಪಿನವರೆಗೆ. ಹೆಸರು ಸೆಬಾಸ್ಟಿಯನ್ ಎಫ್. ಸಾರೋ, ಸಾರೋ ಅಂದರೆ ದುಃಖ, ಅದೇ ಅವನ ಮನೆತನದ ಹೆಸರು. ಕಾರ್ಖಾನೆ ಊರಿನಲ್ಲಿ ಹುಟ್ಟುತ್ತಾನೆ. ಎಳೆಯನಾಗಿದ್ದಾಗಲೇ ಕಾರ್ಖಾನೆಗೆ ಸೇರುತ್ತಾನೆ. ಎದುರು ಮನೆ ಹುಡುಗಿಯನ್ನು ಪ್ರೀತಿಸುತ್ತಾನೆ. ಯುದ್ಧ ಬಂದು ಎಳೆದುಕೊಂಡು ಹೋಗುತ್ತದೆ. ಬದುಕಿ ಉಳಿದು ಸಮುದ್ರದಾಚೆಯ ದೇಶಕ್ಕೆ ಹೋಗಿ ಹುಡುಗಿಯನ್ನು ಕರೆಸಿಕೊಳ್ಳುತ್ತಾನೆ. ಅವಳು ಬರುತ್ತಿದ್ದ ವಾಯುನೌಕೆ ಇಳಿಯುವ ಹೊತ್ತಿಗೆ ಅವನ ಕಣ್ಣೆದುರೇ ಹೊತ್ತಿ ಉರಿಯುತ್ತದೆ. ಆಮೇಲೆ ಬ್ಯಾರನ್ ಸ್ಯಾಟರ್‌ಡೇ ಅನ್ನುವ ಕರಿಯ ನಿಲುವಂಗಿಯವನು ಅವನನ್ನು ಅವನೊಳಗೇ ಕರೆದುಕೊಂಡು ಹೋಗಿ ಕನ್ನಡಿಗಳನ್ನು ತೋರಿಸುತ್ತಾನೆ. ಕೊನೆಗೆ ಯಾರನ್ನೂ ನಂಬದ ಒಬ್ಬಂಟಿ ಮುದುಕ. ಕೊನೆಯ ಹಾಡಿನಲ್ಲಿ ಒಂದು ಗಿಟಾರು, ಒಂದು ದನಿ, ಅಷ್ಟೇ. ಎರಡು ನಿಮಿಷವೂ ಇಲ್ಲ. ಅದು ನಿಂತಾಗ ಕೋಣೆಯಲ್ಲಿ ಗಾಳಿ ಆಡದ ಹಾಗೆ ಆಗುತ್ತದೆ. ಎತ್ತಿ ಆಡಿಸಿದ ಮನೆಯಿಂದ ಬೇರೆ ಮನೆಗೆ ಹೋದ ಹುಡುಗನ ನೆನಪು ಇಲ್ಲಿ ನನಗೆ ಬಂದೇ ಬರುತ್ತದೆ, ಅದಕ್ಕೇ ಆಗಲೇ ನೆನಪಿಟ್ಟುಕೋ ಅಂದೆ. ಕವರಿನ ಮೇಲಿನ ಚಿತ್ರ ಬರೆದವನೂ ಫಿಲ್ ಮೇ ತಾನೇ. ಕಲಾಶಾಲೆಯಲ್ಲಿ ಕಲಿತದ್ದು ಎಲ್ಲಿಗೂ ಹೋಗಲಿಲ್ಲ ನೋಡು.

ಆ ತಟ್ಟೆಯಲ್ಲಿ ಸಿತಾರ್ ಕೂಡ ಇದೆ. ಆಗ ಲಂಡನ್ನಿನಲ್ಲಿ ಎಲ್ಲರ ಮನೆಯಲ್ಲೂ ಸಿತಾರ್ ಬಂದು ಕೂತಿತ್ತು, ಹೆಚ್ಚಿನವರು ಅದನ್ನು ಒಗ್ಗರಣೆಗೆ ಬಳಸಿದರು. ಇವರು ಅಡುಗೆಗೇ ಬಳಸಿದ್ದಾರೆ, ಗಿಟಾರಿನ ಎಳೆಯ ಜೊತೆ ಎಳೆಯಾಗಿ ಹೆಣೆದಿದ್ದಾರೆ. ಬ್ಲೂಸ್‌ನಿಂದ ಹೊರಟವರು ಎಷ್ಟು ದೂರ ಬಂದಿದ್ದರು ಅಂತ ನನಗೆ ಆಗ ಅನ್ನಿಸುತ್ತದೆ. ಆದರೂ ಡಿಕ್ ಟೇಲರ್‌ನ ಗಿಟಾರಿನಲ್ಲಿ ಆ ಒರಟು ಎಲ್ಲೂ ಹೋಗಿಲ್ಲ. ಯುದ್ಧದ ಭಾಗ ಬರುವಾಗ ಕಿವಿಗೊಟ್ಟು ಕೇಳು.

1968ರ ಡಿಸೆಂಬರಿನಲ್ಲಿ ಅದು ಬಿಡುಗಡೆಯಾಯಿತು. ಬಿಳಿ ಕವರಿನ ಬೀಟಲ್ಸ್ ಒಂದು ತಿಂಗಳ ಹಿಂದಷ್ಟೇ ಬಂದಿತ್ತು, ಅದೇ ಡಿಸೆಂಬರಿನಲ್ಲಿ ಸ್ಟೋನ್ಸ್‌ನ ‘ಬೆಗರ್ಸ್ ಬ್ಯಾಂಕ್ವೆಟ್’. ಆನೆಗಳ ಮೆರವಣಿಗೆಯ ನಡುವೆ ಇವರ ಹುಡುಗ ಕಾಣಲೇ ಇಲ್ಲ. ಮಾರಾಟ ಆಗಲಿಲ್ಲ, ಕಂಪನಿಯೂ ಕೈ ಹಿಡಿಯಲಿಲ್ಲ. 1969ರ ಮೇ ತಿಂಗಳಲ್ಲಿ ‘ದ ಹೂ’ ತಂಡದ ‘ಟಾಮಿ’ ಬಂತು, ಅದೂ ಒಬ್ಬ ಹುಡುಗನ ಬದುಕನ್ನು ಹಾಡುಗಳಲ್ಲಿ ಹೇಳುವ ತಟ್ಟೆ. ರಾಕ್ ಒಪೆರಾ ಅಂದರೆ ಇದು ಅಂತ ಜಗತ್ತೇ ಹೊಗಳಿತು. ‘ಎಸ್. ಎಫ್. ಸಾರೋ’ ಅಮೆರಿಕ ಮುಟ್ಟಿದ್ದು ಟಾಮಿ ಬಂದ ಮೇಲೆ. ಮೊದಲು ಮಾಡಿದವರನ್ನು ಅಲ್ಲಿನವರು ಹಿಂಬಾಲಿಸಿದವರು ಅಂದುಕೊಂಡರು. ಯಾರು ಯಾರಿಂದ ಪಡೆದರು ಅನ್ನುವ ಜಗಳ ಇವತ್ತಿಗೂ ಇದೆ, ಅದಕ್ಕೆ ನಾನು ಹೋಗುವುದಿಲ್ಲ. ತಿಂಗಳುಗಳ ಲೆಕ್ಕ ಮಾತ್ರ ಹೇಳುತ್ತೇನೆ, ಐದು ತಿಂಗಳು ಇವರು ಮುಂದೆ ಇದ್ದರು. ಇನ್ನೊಂದು ಮಾತು. ಅಮೆರಿಕದಲ್ಲಿ ಅದನ್ನು ಹೊರತಂದದ್ದು ಕಪ್ಪು ಜನರ ಸಂಗೀತಕ್ಕೆ ತವರುಮನೆಯಂತಿದ್ದ ಮೋಟೌನ್‌ನವರ ‘ರೇರ್ ಅರ್ತ್’ ಲೇಬಲ್. ಚಿಕಾಗೋದ ಪಾರ್ಸೆಲ್ಲಿಗೆ ಕಾಯುತ್ತಿದ್ದ ಹುಡುಗರ ತಟ್ಟೆ ಅಂಥವರ ಮನೆಯಿಂದಲೇ ಹೊರಬಂತು. ಇದು ನನಗೆ ಬಹಳ ಹಿತವಾದ ಸಂಗತಿ.

ಡಿಕ್ ಟೇಲರ್ 1969ರಲ್ಲಿ ಈ ತಂಡವನ್ನೂ ಬಿಟ್ಟ. ಇಷ್ಟು ಜೀವ ಹಾಕಿ ಮಾಡಿದ್ದಕ್ಕೆ ಯಾರೂ ಕಿವಿಗೊಡದಿದ್ದಾಗ ಯಾವ ಮನುಷ್ಯನಿಗೆ ಸುಸ್ತಾಗುವುದಿಲ್ಲ? ಆದರೆ ಅವನ ಕೈ ಸುಮ್ಮನೆ ಕೂರಲಿಲ್ಲ, 1970ರಲ್ಲಿ ‘ಹಾಕ್‌ವಿಂಡ್’ ತಂಡದ ಮೊದಲ ತಟ್ಟೆಗೆ ನಿರ್ಮಾಪಕನಾಗಿ ಕೆಲಸ ಮಾಡಿದ. ಫಿಲ್ ಮೇ ಉಳಿದವರನ್ನು ಕಟ್ಟಿಕೊಂಡು ಅದೇ ವರ್ಷ ‘ಪ್ಯಾರಾಶೂಟ್’ ಮಾಡಿದ. 1974ರಲ್ಲಿ ಲೆಡ್ ಜೆಪೆಲಿನ್‌ನವರು ಸ್ವಂತ ಕಂಪನಿ ಶುರುಮಾಡಿದಾಗ ಕರೆದುಕೊಂಡ ತಂಡಗಳಲ್ಲಿ ಇದೂ ಒಂದು. ಮುಂದಿನ ವರ್ಷಗಳನ್ನು ನಾನು ಉದ್ದ ಎಳೆಯುವುದಿಲ್ಲ, ಒಡೆಯುವುದು ಸೇರುವುದು ನಡೆದೇ ಇತ್ತು. ಟೇಲರ್ ಎಪ್ಪತ್ತರ ದಶಕದ ಕೊನೆಗೆ ವಾಪಸು ಬಂದ, 1980ರ ‘ಕ್ರಾಸ್ ಟಾಕ್’ನಲ್ಲಿ ಅವನಿದ್ದಾನೆ. ಆಮೇಲೆ ಅವನೂ ಮೇಯೂ ಬಿಟ್ಟಿರಲಿಲ್ಲ.

ಈಗ ನಿನಗೆ ಮುಖ್ಯವಾಗಿ ಹೇಳಬೇಕಾದದ್ದಕ್ಕೆ ಬಂದೆ. 1998ರ ಸೆಪ್ಟೆಂಬರ್ 6. ಮೂವತ್ತು ವರ್ಷದ ಮೇಲೆ ಅದೇ ಅಬ್ಬೆ ರೋಡಿನ ಕಟ್ಟಡಕ್ಕೆ ಅವರು ಮತ್ತೆ ಹೋದರು, ಟೇಲರ್, ಮೇ, ಪೋವಿ, ವಾಲರ್, ಸ್ಕಿಪ್ ಆಲನ್. ಮಧ್ಯದಲ್ಲಿ ಬಿಟ್ಟುಹೋಗಿದ್ದವನೂ ಇದ್ದ ನೋಡು. ‘ಎಸ್. ಎಫ್. ಸಾರೋ’ವನ್ನು ಮೊದಲಿನಿಂದ ಕೊನೆಯ ತನಕ ಒಂದೇ ಉಸಿರಿಗೆ ನುಡಿಸಿದರು. ಇಂಟರ್‌ನೆಟ್ಟಿನಲ್ಲಿ ನೇರ ಪ್ರಸಾರ, ಆ ಕಾಲಕ್ಕೆ ಅದು ಹೊಸದು. ಕಥೆ ಹೇಳಲು ಹಾಡುಗಾರ ಆರ್ಥರ್ ಬ್ರೌನ್ ಬಂದಿದ್ದ. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಗಿಟಾರ್ ಹಿಡಿದುಕೊಂಡು ಬಂದು ಇವರ ಪಕ್ಕ ನಿಂತ. ಅಷ್ಟು ದೊಡ್ಡವನು ಇವರ ಹಾಡಿಗೆ ಜೊತೆ ನುಡಿಸಿದ. ಆ ಧ್ವನಿಮುದ್ರಣ ‘ರೆಸರೆಕ್ಷನ್’ ಅನ್ನುವ ಹೆಸರಿನಲ್ಲಿ ಸಿಗುತ್ತದೆ. ವಯಸ್ಸಾದ ದನಿಯಲ್ಲಿ ಫಿಲ್ ಮೇ ಆ ಕೊನೆಯ ಹಾಡು ಹಾಡುವಾಗ ಇಪ್ಪತ್ತಮೂರನೇ ವಯಸ್ಸಿನಲ್ಲಿ ಊಹಿಸಿ ಬರೆದದ್ದನ್ನು ಬದುಕಿ ನೋಡಿದವನ ಹಾಗೆ ಕೇಳಿಸುತ್ತಾನೆ.

ಕೊನೆಯ ಕಾರ್ಯಕ್ರಮ 2018ರ ಡಿಸೆಂಬರ್ 13, ಲಂಡನ್ನಿನ ‘ಇಂಡಿಗೋ’ದಲ್ಲಿ. ಮೇಗೆ ಶ್ವಾಸಕೋಶದ ಕಾಯಿಲೆ, ಇನ್ನು ಓಡಾಡಿ ಹಾಡುವುದು ಆಗುತ್ತಿರಲಿಲ್ಲ. ಅವತ್ತೂ ಗಿಲ್ಮೋರ್ ಬಂದ, ಹಾಡುಗಾರ ವ್ಯಾನ್ ಮಾರಿಸನ್ ಬಂದ. ಮೇಗೆ ಎಪ್ಪತ್ತನಾಲ್ಕು, ಟೇಲರ್‌ಗೆ ಎಪ್ಪತ್ತಾರು ಹತ್ತಿರ. 1963ರಲ್ಲಿ ಕಲಾಶಾಲೆಯಲ್ಲಿ ಶುರುಮಾಡಿದ ಇಬ್ಬರೂ ಒಂದೇ ವೇದಿಕೆಯ ಮೇಲೆ ಮುಗಿಸಿದರು. ಅದಾದ ಮೇಲೆ ಸದ್ದುಗದ್ದಲದ ಆಂಪ್ಲಿಫೈಯರುಗಳನ್ನು ಬದಿಗಿಟ್ಟು ಇಬ್ಬರೂ ಇನ್ನೊಂದೇ ತಟ್ಟೆ ಮಾಡಿದರು. 2020ರ ಮೇ 15ರಂದು ಫಿಲ್ ಮೇ ತೀರಿಕೊಂಡ. ಸೈಕಲ್ಲಿನಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯಾಗಿತ್ತು. ತಟ್ಟೆ ಹೊರಬಂದದ್ದು ಅದೇ ಸೆಪ್ಟೆಂಬರಿನಲ್ಲಿ. ಅದರಲ್ಲಿ ರಾಬರ್ಟ್ ಜಾನ್ಸನ್‌ನ ಹಾಡಿದೆ, ಮಡ್ಡಿ ವಾಟರ್ಸ್‌ನ ಹಾಡಿದೆ, ಬೆಕ್ಸ್‌ಲಿಹೀತ್‌ನ ಮನೆಯಲ್ಲಿ ಹುಡುಗರು ಹುಚ್ಚು ಹಿಡಿಸಿಕೊಂಡಿದ್ದ ಅದೇ ಬ್ಲೂಸ್. ಬರೀ ಮರದ ಗಿಟಾರು, ಸವೆದ ದನಿ.

ಪುಟ್ಟ, ಸ್ಟೋನ್ಸ್ ಬಿಟ್ಟು ಡಿಕ್ ಟೇಲರ್ ಸೋತನೇ? ದುಡ್ಡಿನಲ್ಲಿ ಲೆಕ್ಕ ಹಾಕಿದರೆ ಸೋತ, ಅದನ್ನು ಮುಚ್ಚಿಟ್ಟು ನಿನಗೆ ಸುಳ್ಳು ಹೇಳಲಾರೆ. ಆದರೆ ನಾನು ‘ಎಸ್. ಎಫ್. ಸಾರೋ’ ಹಾಕಿದಾಗಲೆಲ್ಲ ಅನ್ನಿಸುವುದು ಒಂದೇ: ಅವನು ಅಲ್ಲೇ ಬಾಸ್ ಹಿಡಿದು ಉಳಿದಿದ್ದರೆ ಈ ಗಿಟಾರು ಜಗತ್ತಿನಲ್ಲಿ ಇರುತ್ತಲೇ ಇರಲಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ನಷ್ಟ ಆಗುತ್ತಿತ್ತು.

ನೀನು ತಂಡ ಬಿಟ್ಟದ್ದು ತಪ್ಪೋ ಸರಿಯೋ ನನಗೆ ಗೊತ್ತಿಲ್ಲ, ಅದನ್ನು ನೀನೂ ಈಗಲೇ ತೀರ್ಮಾನ ಮಾಡಬೇಡ. ಗಿಟಾರು ಬಿಟ್ಟದ್ದು ಮಾತ್ರ ತಪ್ಪು. ಇದನ್ನು ನಾನು ದೊಡ್ಡಪ್ಪನಾಗಿ ಗದರಿಸಿ ಹೇಳುತ್ತಿದ್ದೇನೆ.

ಯುಗಾದಿಗೆ ಬರುವಾಗ ಬರಿಗೈಯಲ್ಲಿ ಬರಬೇಡ. ತಂತಿಗಳು ತುಕ್ಕು ಹಿಡಿದಿರುತ್ತವೆ, ಹೊಸದು ಹಾಕಿಸು, ದುಡ್ಡು ನಾನು ಕಳಿಸುತ್ತೇನೆ. ಮಹಡಿಯ ಮೇಲಿನ ಕೋಣೆ ಗುಡಿಸಿ ಇಟ್ಟಿರುತ್ತೇನೆ. ಮೊದಲು ತಕಿಟ ತಕಿಟ ತಕಧಿಮಿ ತಕ ತಕಧಿಮಿ, ಆಮೇಲೆ ‘ರಾಸಲಿನ್’. ನಾನು ಮೇಜು ಬಡಿಯುತ್ತೇನೆ, ನೀನು ನುಡಿಸು.

ದೊಡ್ಡಮ್ಮ ಒಬ್ಬಟ್ಟಿಗೆ ಬೇಳೆ ಎಷ್ಟು ನೆನೆಹಾಕಲಿ ಅಂತ ಕೇಳುತ್ತಿದ್ದಾಳೆ. ಯಾವ ಬಸ್ಸಿಗೆ ಬರುತ್ತೀಯ, ತಿಳಿಸು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ